ಎಡ ವಿಂಗಿನ ಕತ್ತಲು

೨೫ ಆಗಸ್ಟ್ ೨೦೨೫, ಸೋಮವಾರ

ಗಂಗಾವತಿಯ ದೇವೇಂದ್ರಪ್ಪ ಸಾಹುಕಾರರು ತಮ್ಮ ಅಕ್ಕಿ ಗಿರಣಿಯ ಹೆಸರಿನಲ್ಲಿ ಹಂಚಿದ ಡೈರಿ ಇದು. ಎಂಟು ತಿಂಗಳು ಖಾಲಿ ಬಿದ್ದಿತ್ತು. ಅವರೇ ಕೊಟ್ಟ ಕೆಲಸಕ್ಕಾಗಿ ಇವತ್ತು ಇದರ ಪರದೆ ಎತ್ತಿದ್ದೇನೆ. ಹಳೆಯ ವಿಡಿಯೊವನ್ನು ಯಾವ ಸೆಟ್ಟಿಂಗಿನಲ್ಲಿ ಎಕ್ಸ್‌ಪೋರ್ಟ್ ಮಾಡಿದೆ, ಅಂದರೆ ಹೊಸ ಫೈಲಾಗಿ ಹೊರತೆಗೆದೆ, ಏನು ಕೆಟ್ಟಿತು, ಏನು ಒಪ್ಪವಾಯಿತು ಎಂದು ಬರೆದಿಡುವುದಷ್ಟೇ ಉದ್ದೇಶ. ಓದುವವರು ಯಾರೂ ಇಲ್ಲ. ಆದರೂ ಪೆನ್ನು ಹಿಡಿದ ಕೂಡಲೇ ಎದುರಿಗೆ ಸಾವಿರ ಜನ ಚಾಪೆ ಹಾಸಿಕೊಂಡು ಕುಳಿತ ಹಾಗೆ ಧ್ವನಿ ಏರುತ್ತದೆ. ಅಪ್ಪ ಊರೂರ ನಾಟಕಗಳಿಗೆ ಪರದೆ, ವಿಂಗು, ಸಿಂಹಾಸನ ಬಾಡಿಗೆಗೆ ಕೊಡುತ್ತಿದ್ದ. ಅರಮನೆಯ ಪರದೆ ಹಾಸಿಕೊಂಡು, ಅರಣ್ಯದ ಪರದೆ ಹೊದ್ದುಕೊಂಡು ಬೆಳೆದವನು ನಾನು. ಹದಿನೈದಕ್ಕೆ ದೂತ, ಇಪ್ಪತ್ತಕ್ಕೆ ರಾಕ್ಷಸ, ಮೂವತ್ತಕ್ಕೆ ಕ್ಯಾಮೆರಾ. ಈಗ ಐವತ್ತಾರು. ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಒಂದು ಕೋಣೆ, ಒಂದು ಕಂಪ್ಯೂಟರು, ಎರಡು ಕುರ್ಚಿ.

ಕೆಲಸ ಇಷ್ಟು. ೨೦೦೨ರ ಬೇಸಿಗೆಯಲ್ಲಿ ತಾವರಗೇರಾದಲ್ಲಿ ಹವ್ಯಾಸಿಗಳು ಕೂಡಿ ‘ಕೆಂಪು ಖಡ್ಗದ ಕಂಕಣ’ ಎಂಬ ನಾಟಕ ಆಡಿದರು. ರಾಜ ವೀರಸೇನನ ಪಾತ್ರ ದೇವೇಂದ್ರಪ್ಪನವರದು. ಆಗ ಅವರಿಗೆ ತಾವರಗೇರಾದಲ್ಲೇ ಗೊಬ್ಬರದ ಅಂಗಡಿ ಇತ್ತು. ಅದನ್ನು ವಿ.ಎಚ್.ಎಸ್. ಕ್ಯಾಸೆಟ್ಟಿಗೆ ಹಿಡಿದವನು ನಾನು. ಅಕ್ಟೋಬರ್ ಐದಕ್ಕೆ ಅವರಿಗೆ ಅರವತ್ತರ ಶಾಂತಿ. ಗಂಗಾವತಿಯ ಕಲ್ಯಾಣಮಂಟಪದಲ್ಲಿ ಎಲ್ಇಡಿ ಪರದೆ ಹಾಕಿಸಿ ನಾಟಕ ತೋರಿಸುತ್ತಾರಂತೆ.

“ನೋಡಪಾ ಕಳಕೇಶಿ, ಹದಿನಾರು ಫೂಟಿನ ಪರದಿ. ನನ್ನ ಮೀಸಿ ಒಂದೊಂದ ಕೂದಲಾ ಎಣಿಸೂವಂಗ ಇರಬೇಕು.”

“ಸಾಹುಕಾರ್ರ, ಅದು ಅಂಟು ಹಚ್ಚಿದ ಮೀಸಿ ರೀ.”

“ಅಂಟು ಕಂಡರೂ ಚಿಂತಿಲ್ಲ. ಮೀಸಿ ಕಾಣಬೇಕು. ಮತ್ತ ಆ ‘ನೀರು ಕೊಡ್ರಿ’ ಸೀನ್ ಐತಲ್ಲ, ಅದನ್ನ ಎರಡ ಸಲ ಹಾಕು. ಆವತ್ತೂ ಮಂದಿ ಒನ್ಸ್ ಮೋರ್ ಅಂದಿದ್ರು.”

ಹೋಗುವಾಗ, ಸಂಜೀಕ ಒಂದೀಟು ಕುಂದ್ರೋಣ ಬಾ ಎಂದು ಹೆಬ್ಬೆರಳು ಬಾಯಿಗೆ ಹಿಡಿದು ತೋರಿಸಿದರು. ಹೊಟ್ಟೆಹುಣ್ಣು ಎಂದೆ. ಎಲ್ಲರಿಗೂ ಹಾಗೇ ಹೇಳುವುದು.

೨೮ ಆಗಸ್ಟ್, ಗುರುವಾರ

ಎರಡೂ ಕ್ಯಾಸೆಟ್ ಕಂಪ್ಯೂಟರಿಗೆ ಇಳಿದವು. ಬೂಸರು ಹಿಡಿದಿದ್ದರೂ ಟೇಪು ಹರಿಯಲಿಲ್ಲ.

ಎಕ್ಸ್‌ಪೋರ್ಟ್ ೧: ಎಚ್.೨೬೪, ಬಿಟ್‌ರೇಟ್ ೮, ನಾಯ್ಸ್ ರಿಡಕ್ಷನ್ ಪೂರ್ತಿ, ನಾಲ್ಕೂ ಅಂಚು ಕತ್ತರಿಸಿದ್ದು. ಫಲ: ರಾಜನ ಮುಖ ಮೇಣದ ಗೊಂಬೆ. ಮೀಸೆ ಕರಿ ಪಟ್ಟಿ. ಕೈ ಎತ್ತಿದರೆ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆ. ಹಳೆಯ ಕ್ಯಾಮೆರಾ ಒಂದು ಚಿತ್ರವನ್ನು ಎರಡು ಅರ್ಧ ಮಾಡಿ ಬರೆಯುತ್ತಿತ್ತು. ಆ ಅರ್ಧಗಳನ್ನು ಸರಿಯಾಗಿ ಹೊಲಿಯದೆ ಬಿಟ್ಟರೆ ಈ ಹಲ್ಲು ಕಾಣುತ್ತವೆ. ನಾನು ಹೊಲಿಯಲು ಮರೆತಿದ್ದೆ.

ಬಿಟ್‌ರೇಟ್ ಎಂದರೆ ಒಂದೊಂದು ಸೆಕೆಂಡಿನ ಚಿತ್ರಕ್ಕೆ ಎಷ್ಟು ಮಾಹಿತಿ ಖರ್ಚು ಮಾಡಬೇಕು ಎಂಬುದು. ಆ ಮಾಹಿತಿಯನ್ನು ಹಂಚುವ ಎನ್‌ಕೋಡರ್ ಎಂಬ ತಂತ್ರಾಂಶ ನಾಟಕ ಕಂಪನಿಯ ಜಿಪುಣ ಮಾಲೀಕನಿದ್ದಂತೆ. ಬೆಳಕಿನಲ್ಲಿ ನಿಂತ ನಾಯಕನಿಗೆ ತುಪ್ಪ, ಕುಣಿಯುವವಳಿಗೆ ಮೊಸರು, ಕತ್ತಲಲ್ಲಿ ಪರದೆ ಎಳೆಯುವವನಿಗೆ ತಿಳಿಸಾರು. ಖರ್ಚು ಕಡಿಮೆ ಮಾಡು ಎಂದರೆ ಮೊದಲು ಕತ್ತಲಿನ ಊಟ ನಿಲ್ಲಿಸುತ್ತದೆ.

ಒಂದು ಸಂಗತಿ. ಹಳೆಯ ಡಬ್ಬಾ ಟಿವಿಗಳು ಚಿತ್ರದ ಅಂಚನ್ನು ಸುತ್ತಲೂ ಎರಡು ಬೆರಳಿನಷ್ಟು ನುಂಗುತ್ತಿದ್ದವು. ಕಂಪ್ಯೂಟರು ನುಂಗುವುದಿಲ್ಲ. ಹಾಗಾಗಿ ಇಷ್ಟು ವರ್ಷ ಯಾರಿಗೂ ಕಾಣದ ಎಡ ಅಂಚು ಈಗ ಕಾಣುತ್ತದೆ: ವಿಂಗು, ಅಂದರೆ ರಂಗದ ಪಕ್ಕದ ಮರೆಯ ಬಟ್ಟೆ, ಅದರ ಸಂದಿಯಲ್ಲಿ ಪುಸ್ತಕ ಹಿಡಿದ ಒಬ್ಬ ಮನುಷ್ಯ. ಪ್ರಾಂಪ್ಟರ್, ನಟರಿಗೆ ಮಾತು ಪಿಸುಗುಟ್ಟಿ ಕೊಡುವವನು.

ಕತ್ತರಿಸಿದೆ. ಅಂಚನ್ನು ಎಲ್ಲರೂ ಕತ್ತರಿಸುತ್ತಾರೆ. ಅದು ರೂಢಿ.

೧ ಸೆಪ್ಟೆಂಬರ್, ಸೋಮವಾರ

ಸಾಹುಕಾರರಿಗೆ ನಮೂನೆಗೆಂದು ಕಳಿಸಿದ ಅರ್ಧ ನಿಮಿಷದ ತುಣುಕು (ಎಕ್ಸ್‌ಪೋರ್ಟ್ ೨) ಅವರ ಸ್ಟೇಟಸ್ಸಿಗೆ ಏರಿ, ಅಲ್ಲಿಂದ ಮೊಬೈಲಿಂದ ಮೊಬೈಲಿಗೆ ಹಾರಿ ಯಲಬುರ್ಗಾಕ್ಕೆ ಮುಟ್ಟಿದೆ. ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಮಹಡಿ ಹತ್ತಿ ಬಂದಳು. ಮೂವತ್ತರ ಆಚೀಚೆ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಹೊಲಿಗೆ ಬಿಟ್ಟು ನೇರ ಬಸ್ಸು ಹತ್ತಿದ್ದಾಳೆ.

“ನಾ ದ್ರಾಕ್ಷಾಯಿಣಿ ರೀ ಕಾಕಾ. ಮುದಿಯಪ್ಪ ಮಾಸ್ತರ ಮಗಳು.”

ಮುದಿಯಪ್ಪ ಮಾಸ್ತರ ಆ ನಾಟಕದ ಪ್ರಾಂಪ್ಟರ್. ಅದೇ ನಾಟಕದ ಮೂರನೆಯ ಅಂಕ ಮುಗಿಯುವಾಗ ವಿಂಗಿನ ಹಿಂದೆ ಬಿದ್ದ, ಬೆಳಗಾಗುವುದರೊಳಗೆ ಸತ್ತ. ಕುಂದರು ಅಂದೆ. ಕೂರಲಿಲ್ಲ. ಮೊಬೈಲ್ ತೆಗೆದು ತುಣುಕು ತೋರಿಸಿದಳು. ರಾಜ ಎದೆ ಹಿಡಿದು ನೀರು ಬೇಡುತ್ತಾನೆ. ನಾನು ಕತ್ತರಿಸಿದ್ದು ಸಾಲದೆಂದು ಮೊಬೈಲು ಮತ್ತೂ ಹಿಂಡಿತ್ತು. ಎಡಗಡೆ ಬರೀ ಕರಿಯ ಚೌಕಗಳು.

“ಈ ಕರೇ ಮೂಲ್ಯಾಗ ನಮ್ಮಪ್ಪ ನಿಂತಿದ್ದ. ಆವತ್ತ ನಾ ಮುಂದಿನ ಸಾಲಿನ್ಯಾಗ ಕುಂತಿದ್ದೆ. ಒಂಬತ್ತ ವರ್ಷದಾಕಿ. ಅವನ ಕೈ, ಪುಸ್ತಕ, ಇಷ್ಟ ಕಾಣತಿತ್ತು. ಆ ಮೂಲಿ ಬೇಕು ನನಗ.”

“ಯಾಕವ್ವ?”

“ಕುಡದು ಬಿದ್ದು ಸತ್ತ ಅಂತಾರ. ಕಾಲ ಹತ್ರ ಬಾಟ್ಲಿ ಸಿಕ್ತಂತ. ಆವತ್ತಿಂದ ಅವ್ವ ಅವನ ಹೆಸರು ತಗದಿಲ್ಲ. ಇದ್ದ ಒಂದ ಫೋಟೊ ಒಲಿಗೆ ಹಾಕಿದ್ಲು. ಮಾನಮಿ ಅಮಾಸಿಗೆ ಹಿರಿಯಾರಿಗೆಲ್ಲಾ ಎಡಿ ಹಿಡಿತಾಳ, ಅಪ್ಪಗ ಹಿಡಿಯಂಗಿಲ್ಲ. ಕುಡದಿದ್ದ ಅಂದ್ರ ಕುಡದಿದ್ದ. ನಾನೂ ಸಿಟ್ಟ ಮಾಡ್ತೀನಿ. ಆದ್ರ ನೋಡಿ ಸಿಟ್ಟ ಮಾಡ್ತೀನಿ ರೀ, ಕೇಳಿ ಅಲ್ಲ.”

ಹಳೆಯ ಟೇಪು, ಕತ್ತಲು, ಏನೂ ಬರುವುದಿಲ್ಲ ಎಂದೆ.

“ಏನೈತೋ ಅಷ್ಟ ಕೊಡ್ರಿ. ಛಲೋ ಮಾಡಾಕ ಹೋಗಬ್ಯಾಡ್ರಿ,” ಎಂದಳು.

ಮಾನಮಿ ಅಮಾವಾಸ್ಯೆ, ಅಂದರೆ ಮಹಾಲಯ, ಇಪ್ಪತ್ತೊಂದಕ್ಕೆ. ಅದರೊಳಗೆ ಎಂದಿದ್ದೇನೆ. ಯಾಕೆ ಒಪ್ಪಿದೆನೋ.

೩ ಸೆಪ್ಟೆಂಬರ್, ಬುಧವಾರ

ಎಕ್ಸ್‌ಪೋರ್ಟ್ ೩: ಎಚ್.೨೬೫, ಬಿಟ್‌ರೇಟ್ ೧೨, ಅಂಚು ಕತ್ತರಿಸದೆ. ಮನುಷ್ಯನ ಆಕಾರ ಇದೆ, ಮುಖ ಇಲ್ಲ.

ಎಕ್ಸ್‌ಪೋರ್ಟ್ ೪: ನಾಯ್ಸ್ ರಿಡಕ್ಷನ್ ಅರ್ಧ. ಮುಖ ಬಂತು, ತುಟಿ ಸತ್ತಿದೆ. ಈ ನಾಯ್ಸ್ ರಿಡಕ್ಷನ್ ಹಿಂದಿನ ಚಿತ್ರ, ಮುಂದಿನ ಚಿತ್ರ ಕೂಡಿಸಿ ಸರಾಸರಿ ತೆಗೆಯುತ್ತದೆ. ಸಣ್ಣಗೆ ಅಲುಗಾಡುವುದೆಲ್ಲ ಅದಕ್ಕೆ ಕೊಳೆ. ಪ್ರಾಂಪ್ಟರನ ತುಟಿ ಸಣ್ಣಗೇ ಅಲುಗಾಡುತ್ತದೆ. ಅವನ ಕೆಲಸವೇ ಅದು.

ಇಷ್ಟು ಸಾಕೆಂದು ಕೊಡಬಹುದು. ಹೆಣ್ಣುಮಗಳಿಗೆ ಸೆಟ್ಟಿಂಗಿನ ವ್ಯತ್ಯಾಸ ಏನು ಗೊತ್ತು.

೬ ಸೆಪ್ಟೆಂಬರ್, ಶನಿವಾರ

ಬೆಳಗ್ಗೆ ಎಂಟಕ್ಕೆ ಹಚ್ಚಿದ್ದು ಎರಡು ಗಂಟೆಗೆ ಮುಗಿಯಿತು. ಕರೆಂಟು ಎರಡು ಸಲ ಹೋಗಿ ಬಂತು, ಯುಪಿಎಸ್ ತಡೆಯಿತು.

ಎಕ್ಸ್‌ಪೋರ್ಟ್ ೫: ಬಿಟ್‌ರೇಟ್ ೨೫, ಟೂ ಪಾಸ್, ನಾಯ್ಸ್ ರಿಡಕ್ಷನ್ ಸೊನ್ನೆ, ಧ್ವನಿ ೩೨೦. ಟೂ ಪಾಸ್ ಎಂದರೆ ಎನ್‌ಕೋಡರ್ ಮೊದಲ ಸಲ ಇಡೀ ನಾಟಕ ನೋಡುತ್ತದೆ, ಬರೆಯುವುದಿಲ್ಲ. ಎಲ್ಲಿ ಎಷ್ಟು ಬೇಕು ಎಂದು ತಿಳಿದುಕೊಂಡು ಎರಡನೆಯ ಸಲ ಬರೆಯುತ್ತದೆ. ಮೊದಲು ತಾಲೀಮು, ಆಮೇಲೆ ಪ್ರಯೋಗ.

ಮುದಿಯಪ್ಪ ಮಾಸ್ತರ ಬಂದ. ಮೂಗು, ಕಿವಿಗೆ ಸಿಕ್ಕಿಸಿದ ಬೀಡಿ, ತುಟಿ. ಹೆಡ್‌ಫೋನ್ ಹಾಕಿದರೆ ಧ್ವನಿಯೂ ಬಂತು. ನಾಟಕದ ಮೈಕು ವಿಂಗಿನ ಪಕ್ಕದಲ್ಲೇ ತೂಗುತ್ತಿತ್ತು, ಅದರ ತಂತಿ ನನ್ನ ಕ್ಯಾಮೆರಾಕ್ಕೂ ಬಂದಿತ್ತು. ಅಂದು ಹಾರ್ಮೋನಿಯಂ ಗದ್ದಲದಲ್ಲಿ ಯಾರಿಗೂ ಕೇಳದ ಪಿಸುಮಾತು ಟೇಪಿನಲ್ಲಿ ಉಳಿದಿದೆ.

ಮೂರನೆಯ ಅಂಕ, ಸೆರೆಮನೆಯ ದೃಶ್ಯ. ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ.

ದೇವೇಂದ್ರಪ್ಪನವರು ಒಂದು ಸಾಲೂ ಕಲಿತವರಲ್ಲ. ವಿಂಗಿನಿಂದ ಬಂದದ್ದನ್ನು ಬಂದ ಹಾಗೇ ಗುಡುಗು ಎಂದು ತಾಲೀಮಿನಲ್ಲಿ ಮಾಸ್ತರನೇ ಹೇಳಿಕೊಟ್ಟಿದ್ದ. ಹಾಗೇ ನಡೆದಿದೆ. ವಿಂಗಿನಿಂದ ಪಿಸುಮಾತು: ಎಲೈ ದುರುಳ ಸೇನಾಧಿಪತಿಯೇ. ರಂಗದಿಂದ ಗುಡುಗು: ಎಲೈ ದುರುಳ ಸೇನಾಧಿಪತಿಯೇ. ನಿನ್ನ ಖಡ್ಗಕ್ಕೆ ಅಂಜುವ ವೀರಸೇನ ನಾನಲ್ಲ. ಅದಕ್ಕೂ ಗುಡುಗು. ಆಮೇಲೆ ಪಿಸುಮಾತು ತಡೆಯುತ್ತದೆ. ಮಾಸ್ತರ ಕಂಬ ಹಿಡಿಯುತ್ತಾನೆ. “ಎದಿ ಹಿಡದಂಗ ಆಗೈತಿ. ನೀರು ಕೊಡ್ರಿ, ಯಾರರ.”

ರಾಜ ಕೇಳಿಸಿಕೊಂಡ. ಎದೆಯ ಮೇಲೆ ಕೈ ಇಟ್ಟ. ಎದಿ... ಹಿಡದಂಗ... ಆಗೈತಿ. ನೀರು... ನೀರು ಕೊಡ್ರಿ, ಯಾರರ.

ಗ್ರಂಥದ ಮಾತಾಡುತ್ತಿದ್ದ ರಾಜ ಒಮ್ಮೆಲೇ ಊರ ಮಾತಿನಲ್ಲಿ ನೀರು ಬೇಡಿದ್ದು ಮಂದಿಯ ಎದೆಗೇ ತಟ್ಟಿತು. ಶಿಳ್ಳೆ, ಚಪ್ಪಾಳೆ, ಒನ್ಸ್ ಮೋರ್. ಕಾವಲುಗಾರನ ಪಾತ್ರದವ ಗಡಬಡಿಸಿ ಒಂದು ಖಾಲಿ ಚಂಬು ತಂದು ರಾಜನ ಕೈಗೆ ಕೊಟ್ಟ. ರಾಜ ಅದನ್ನು ಎತ್ತಿ ಕುಡಿದಂತೆ ಮಾಡಿ ಮತ್ತೊಮ್ಮೆ ಬೇಡಿದ. ಮತ್ತೆ ಶಿಳ್ಳೆ.

ನಲವತ್ತು ಸೆಕೆಂಡು ವಿಂಗಿನಿಂದ ಮಾತಿಲ್ಲ. ಆಮೇಲೆ ಮಾಸ್ತರ ಪುಸ್ತಕವನ್ನು ಮುಖದ ಹತ್ತಿರ ತಂದು ಮುಂದಿನ ಸಾಲು ಕೊಡುತ್ತಾನೆ. ತಪ್ಪಿಲ್ಲ, ತೊದಲಿಲ್ಲ. ಒಂದೊಂದೇ ಪದ. ನಾಲ್ಕು ಸಾಲು. ದೃಶ್ಯ ಮುಗಿಯುತ್ತದೆ. ಪರದೆ ಬೀಳಿಸಲು ಸೀಟಿ ಊದಬೇಕು. ಅದೂ ಅವನದೇ ಕೆಲಸ. ಕೊರಳಿನ ಸೀಟಿ ಬಾಯಿಗಿಟ್ಟು ಊದುತ್ತಾನೆ. ಅರ್ಧ ಊದು. ಪರದೆ ಬೀಳುತ್ತದೆ.

ಕುಡಿದವನು ನಾಲ್ಕು ಸಾಲು ಹೀಗೆ ಕೊಡಲಾರ.

೭ ಸೆಪ್ಟೆಂಬರ್, ಭಾನುವಾರ

ಇವತ್ತು ಎಕ್ಸ್‌ಪೋರ್ಟ್ ಇಲ್ಲ.

೧೦ ಸೆಪ್ಟೆಂಬರ್, ಬುಧವಾರ

ಎಕ್ಸ್‌ಪೋರ್ಟ್ ೬. ಕೆಲಸದ ದೃಷ್ಟಿಯಿಂದ ಇನ್ನೊಂದು ಕಡೆಯೂ ಪರೀಕ್ಷಿಸಬೇಕಿತ್ತು: ಎರಡನೆಯ ಅಂಕದ ಹಾಡು. ಅಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಂತಿದೆ, ಅಲುಗಾಡುವುದಿಲ್ಲ, ಕತ್ತಲು ಎಷ್ಟು ಬಿಡಿಸಿಕೊಳ್ಳುತ್ತದೆ ಎಂದು ನೋಡಲು ಒಳ್ಳೆಯ ಜಾಗ. ಈ ಜಾಗ ಬರುತ್ತದೆಂದು ನನಗೆ ಗೊತ್ತಿತ್ತು. ಕ್ಯಾಸೆಟ್ಟು ಕೈಗೆ ಬಂದ ದಿನವೇ ಗೊತ್ತಿತ್ತು.

ಹಾಡಿನ ಎರಡನೆಯ ಚರಣ. ಎಡ ಅಂಚಿನಿಂದ ಒಬ್ಬನ ಪ್ರವೇಶ. ವಯಸ್ಸು ಮೂವತ್ಮೂರು, ಕಪ್ಪು ಅಂಗಿ. ಕೈಯಲ್ಲಿ ಪೇಪರು ಸುತ್ತಿದ ಬಾಟ್ಲಿ. ಕ್ಯಾಮೆರಾ ಓಡುತ್ತಿದೆ ಎಂಬ ಎಚ್ಚರ ಅವನಿಗಿಲ್ಲ. ನಾಟಕದ ಕಮಿಟಿಯವರ ಕಣ್ಣಿಗೆ ಬೀಳದಿರಲೆಂದು ವಿಂಗಿನ ಹಿಂದೆ ಬಗ್ಗಿ ಬಾಟ್ಲಿ ಇಡುತ್ತಾನೆ. ಮಾಸ್ತರ ಪುಸ್ತಕದಿಂದ ಕಣ್ಣೆತ್ತದೆ, ಬಾಟ್ಲಿಗೆ ಜಾಗವಾಗಲೆಂದು ಕಾಲು ಸರಿಸುತ್ತಾನೆ. ಬಂದವನ ನಿರ್ಗಮನ.

ಅವನು ನಾನು. ಬಾಟ್ಲಿ ನನ್ನದು.

ಮಾಸ್ತರ ಬಿದ್ದಾಗ ಎಲ್ಲರೂ ಓಡಿದರು. ಯಾರೋ ಬಾಟ್ಲಿ ಎತ್ತಿ ತೋರಿಸಿದರು. ಕುಡದಾನ, ನೀರು ಹೊಡೀರಿ, ಮಲಗಲಿ ಬಿಡ್ರಿ ಎಂದರು. ಮಲಗಿಸಿದರು. ನಾಲ್ಕನೆಯ ಅಂಕ ನಡೆಯಿತು. ಬೆಳಗ್ಗೆ ಎಬ್ಬಿಸಲು ಹೋದಾಗ ಮೈ ತಣ್ಣಗಿತ್ತು. ಬಾಟ್ಲಿ ನನ್ನದೆಂದು ಆಗಲೇ ಹೇಳಿದ್ದರೆ ಜೀಪಿನಲ್ಲಿ ಹಾಕಿಕೊಂಡು ಕುಷ್ಟಗಿಗೆ ತರುತ್ತಿದ್ದರೋ ಏನೋ. ತಂದಿದ್ದರೂ ಉಳಿಯುತ್ತಿದ್ದನೋ ಇಲ್ಲವೋ. ಹೇಳಿದ್ದರೆ ಕ್ಯಾಮೆರಾದ ಕೆಲಸ ಮತ್ತೆ ಯಾರೂ ಕೊಡುತ್ತಿರಲಿಲ್ಲ ಎಂದು ಆಗ ಅನಿಸಿತ್ತು. ಇಷ್ಟೇ.

ಆ ರಾತ್ರಿಯಿಂದ ಕುಡಿದಿಲ್ಲ. ಹೊಟ್ಟೆಹುಣ್ಣು ನನಗೆ ಎಂದೂ ಇರಲಿಲ್ಲ.

೧೨ ಸೆಪ್ಟೆಂಬರ್, ಶುಕ್ರವಾರ

ದೇವೇಂದ್ರಪ್ಪನವರು ಪ್ರಗತಿ ನೋಡಲು ಬಂದರು. ಹೆಡ್‌ಫೋನ್ ಕೊಟ್ಟೆ.

“ಇದೇನೋ, ಯಾವನೋ ಪಿಸುಪಿಸು ಅಂತಾನ. ತಗಿ ಅದನ್ನ. ನನಗ ಮಾತು ಬರತಿದ್ದಿಲ್ಲ ಅಂತ ಬೀಗರ ಮುಂದ ಗೊತ್ತಾಗಬೇಕೇನು?”

“ಇನ್ನೊಂದೀಟು ಕೇಳ್ರಿ.”

ಕೇಳಿದರು. ನಾನು ಅವರ ಮುಖ ನೋಡಲಿಲ್ಲ. ಕಿಟಕಿಯಲ್ಲಿ ಹನಮಸಾಗರದ ಬಸ್ಸಿಗೆ ಮಂದಿ ಹತ್ತುವುದನ್ನು ನೋಡಿದೆ. ಬಸ್ಸು ಹೋದ ಮೇಲೆ ತಿರುಗಿದರೆ ಅವರು ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು.

“ಮಾಸ್ತರ ಕೊಟ್ಟ, ನಾ ಅಂದೆ. ನಾಟಕದಾಗಿನ ಮಾತ ಅನಕೊಂಡಿದ್ದೆ,” ಎಂದರು. ಹೆಡ್‌ಫೋನಿನ ವೈರು ಬೆರಳಿಗೆ ಸುತ್ತುತ್ತ, “ಇಪ್ಪತ್ಮೂರು ವರ್ಷ ಅದನ್ನ ಮದುವ್ಯಾಗ, ಎಲೆಕ್ಷನ್ ಸಭಾದಾಗ, ಎಲ್ಲಾ ಕಡೆ ಮಾಡಿ ತೋರ್ಸೀನಲ್ಲೋ.”

ದ್ರಾಕ್ಷಾಯಿಣಿ ಬಂದುಹೋದದ್ದನ್ನು ಹೇಳಿದೆ. ಎದ್ದು ನಿಂತರು.

“ಕೊಡಬ್ಯಾಡ. ಗಂಡ ನೀರು ಕೇಳಿಕೋಂತ ಸತ್ತ, ಮಂದಿ ಶಿಳ್ಳಿ ಹೊಡೀತು ಅಂತ ತಿಳಿದ್ರ ಆಕಿ ಅವ್ವ ದುರಗಮ್ಮಗ ಏನು ಸಮಾಧಾನ? ಕುಡದು ಸತ್ತ ಅಂತ ಸಿಟ್ಟಿನ ಮ್ಯಾಲ ಗಟ್ಟಿ ಅದಾಳ. ಸಿಟ್ಟು ಕಸಗೊಂಡ್ರ ಕೈಯಾಗ ಏನು ಉಳೀತೈತಿ?”

ಬಾಗಿಲ ತನಕ ಹೋಗಿ ನಿಂತರು.

“ಬಾಟ್ಲಿ ಯಾರದು ಅಂತ ನನಗೂ ಗೊತ್ತೈತಿ, ಕಳಕೇಶಿ. ಆವತ್ತ ಸಂಜಿಮುಂದ ನನಗೂ ಒಂದ ಗುಟುಕು ಕೊಟ್ಟಿದ್ದಿ. ನಾ ಬಾಯಿ ಬಿಟ್ಟಿಲ್ಲ. ನೀನೂ ಬಿಡಬ್ಯಾಡ. ‘ನೀರು ಕೊಡ್ರಿ’ ಬ್ಯಾಡ, ನನಗ ಕಡೀ ಅಂಕದಾಗ ಹಾರ ಹಾಕಿಸ್ಕೊಳ್ಳೂ ಸೀನ್ ಒಂದ ಹಾಕು, ಸಾಕು.”

೧೫ ಸೆಪ್ಟೆಂಬರ್, ಸೋಮವಾರ

ಎಕ್ಸ್‌ಪೋರ್ಟ್ ೭: ಬಿಟ್‌ರೇಟ್ ೧೪, ಟೂ ಪಾಸ್, ನಾಯ್ಸ್ ರಿಡಕ್ಷನ್ ಕಾಲುಭಾಗ, ಕಪ್ಪನ್ನು ಒಂದು ಹಂತ ಗಾಢ ಮಾಡಿದ್ದು. ಇದು ವಿಶೇಷವಾಗಿದೆ. ಮಾಸ್ತರರು ಕಾಣುತ್ತಾರೆ, ಧ್ವನಿ ಕೇಳುತ್ತದೆ. ಹಾಡಿನ ಜಾಗದಲ್ಲಿ ಕಪ್ಪು ಅಂಗಿಯವನು ಕತ್ತಲಿನೊಂದಿಗೆ ಕತ್ತಲಾಗಿ ಹೋಗುತ್ತಾನೆ. ಬಾಟ್ಲಿ ಒಂದು ಕರಿಯ ಚೌಕ. ಮಗಳಿಗೆ ಅಪ್ಪ ಸಿಕ್ಕ, ತಾಯಿಗೆ ಗಂಡ ಸಿಕ್ಕ. ಬಾಟ್ಲಿ ಯಾರದೋ ಎಂದು ಉಳಿಯಿತು.

ಇದರಲ್ಲಿ ಸುಳ್ಳೇನೂ ಇಲ್ಲ. ನಾನು ಏನನ್ನೂ ಅಳಿಸಿಲ್ಲ. ಬಿಟ್ಟದ್ದು ಎನ್‌ಕೋಡರ್.

ಈ ಸಾಲನ್ನು ಮೂರು ಸಲ ಓದಿದೆ. ರಾಕ್ಷಸನ ಪಾತ್ರದಲ್ಲೂ ಇಂಥ ಮಾತು ಬಂದದ್ದು ನೆನಪಿಲ್ಲ.

ದ್ರಾಕ್ಷಾಯಿಣಿಯ ಫೋನು. “ಆತೇನ್ರಿ ಕಾಕಾ?” ಆಗಾಕತ್ತೈತಿ ಎಂದೆ. “ಅವ್ವಗ ಹೇಳೀನಿ. ಏನೂ ಅನಲಿಲ್ಲ. ಆದ್ರ ಟಿವಿ ಮ್ಯಾಲಿನ ಬಟ್ಟಿ ತೊಳದು ಹಾಕ್ಯಾಳ.”

೧೬ ಸೆಪ್ಟೆಂಬರ್, ಮಂಗಳವಾರ

ಎಕ್ಸ್‌ಪೋರ್ಟ್ ೮: ಬಿಟ್‌ರೇಟ್ ೪೦. ಇಡೀ ಅಂಚು. ಕಪ್ಪು ಇದ್ದ ಹಾಗೇ. ಅರ್ಧಗಳನ್ನು ಒಂದೊಂದಾಗಿ ಹೊಲಿಯುವ ನಿಧಾನದ ಸೆಟ್ಟಿಂಗು. ಹನ್ನೊಂದು ತಾಸು ಹಿಡಿಯಿತು. ಬಾಟ್ಲಿಗೆ ಸುತ್ತಿದ ಪೇಪರಿನ ಮಡಿಕೆಯೂ ಕಾಣುತ್ತದೆ.

ನಲವತ್ತು ವರ್ಷದ ಈ ಕಸುಬಿನಲ್ಲಿ, ರಂಗವನ್ನೂ ಸೇರಿಸಿ ಹೇಳುತ್ತೇನೆ, ಇಷ್ಟು ಒಳ್ಳೆಯ ಚಿತ್ರ ನಾನು ತೆಗೆದಿಲ್ಲ.

೧೯ ಸೆಪ್ಟೆಂಬರ್, ಶುಕ್ರವಾರ

ಪೆನ್‌ಡ್ರೈವಿನಲ್ಲಿ ಎರಡೂ ಇವೆ, ಏಳೂ ಎಂಟೂ.

ಸಂಜೆ ದೇವೇಂದ್ರಪ್ಪನವರ ಫೋನು. ನಿನ್ನೆ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಯಾರೋ, ಸಾಹುಕಾರ್ರ ನೀರು ಕೊಡ್ರಿ ಮಾಡ್ರಿ ಎಂದರಂತೆ. “ಎದ್ದು ನಿಂತೆ. ಬಾಯಿ ಏಳಲಿಲ್ಲ. ಎಲ್ಲಾರೂ ಚಪ್ಪಾಳಿ ಬಡಿದ್ರು, ಅದೂ ಪಾರ್ಟ್ ಅನಕೊಂಡು.” ಆಮೇಲೆ, “ನಿನಗ ಹೆಂಗ ತಿಳೀತೈತಿ ಹಂಗ ಮಾಡು. ನನ್ನ ಹೆಸರು ತಗೊಂಡ್ರೂ ತಗೋ,” ಎಂದು ಇಟ್ಟರು.

೨೧ ಸೆಪ್ಟೆಂಬರ್, ಭಾನುವಾರ. ಮಾನಮಿ ಅಮಾವಾಸ್ಯೆ

ಬೆಳಗ್ಗೆ ಒಂಬತ್ತೂವರೆಯ ಬಸ್ಸಿಗೆ ಯಲಬುರ್ಗಾಕ್ಕೆ ಹೋದೆ. ಮುಗಿದದ್ದನ್ನು ಮುಗಿದ ಕ್ರಮದಲ್ಲಿ ಬರೆಯುತ್ತೇನೆ.

ಎರಡು ಖೋಲಿಯ ಮನೆ. ಹೊಲಿಗೆ ಯಂತ್ರದ ಮೇಲೆ ಚಾದರ ಹೊದಿಸಿದ್ದರು. ಒಳಗಿನಿಂದ ಹೋಳಿಗೆಯ ವಾಸನೆ. ದುರಗಮ್ಮನಿಗೆ ಎಪ್ಪತ್ತರ ಹತ್ತಿರ; ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದಳು. “ಬಾ ತಮ್ಮಾ,” ಅಂದಳು.

ಪೆನ್‌ಡ್ರೈವ್ ಸಿಕ್ಕಿಸಿದರೆ ಟಿವಿಯಲ್ಲಿ ಎರಡು ಹೆಸರು ಬಂದವು. ಯಾವುದು ಕಾಕಾ ಎಂದಳು ದ್ರಾಕ್ಷಾಯಿಣಿ. ದೊಡ್ಡದು, ಎಂಟನೆಯದು ಎಂದೆ. ಹಾಗೆಂದವನು ನಾನೇ.

ಆದರೆ ಚಿತ್ರ ಬಂದಾಗ ಎಡ ವಿಂಗು ಇರಲೇ ಇಲ್ಲ. ಕತ್ತಲಲ್ಲ, ಅಷ್ಟು ಭಾಗವೇ ಇಲ್ಲ. ಹೊಸ ಟಿವಿಗಳಲ್ಲೂ ಕೆಲವು ಹಳೆಯ ಡಬ್ಬಾ ಟಿವಿಯ ಚಾಳಿ ಉಳಿಸಿಕೊಂಡಿವೆ, ಅಂಚು ನುಂಗುತ್ತವೆ. ನಲವತ್ತರ ಬಿಟ್‌ರೇಟು, ಹನ್ನೊಂದು ತಾಸು, ಎಲ್ಲ ಆ ಎರಡು ಬೆರಳಿನ ಆಚೆ ಬಿದ್ದಿತ್ತು. ಮಾಸ್ತರರೂ ಇಲ್ಲ, ಬಾಟ್ಲಿಯೂ ಇಲ್ಲ. ಟಿವಿ ತಾನಾಗಿ ಪರದೆ ಎಳೆದಿತ್ತು.

“ಅಪ್ಪ ಎಲ್ಲಿ ರೀ?”

ಇಷ್ಟೇ ಬರೋದವ್ವ ಎಂದು ಹೇಳಬಹುದಿತ್ತು. ನಂಬುತ್ತಿದ್ದಳು. ಒಳಗೆ ಕುಕ್ಕರು ಕೂಗಿತು. ದುರಗಮ್ಮ ಏಳಲಿಲ್ಲ.

ರಿಮೋಟ್ ಕೊಡವ್ವ ಎಂದೆ. ಚಿತ್ರದ ಅಳತೆ ಎಂಬಲ್ಲಿ ಹೋಗಿ ‘ಫುಲ್’ ಒತ್ತಿದೆ. ಚಿತ್ರ ಒಂದಿಷ್ಟು ಕುಗ್ಗಿತು. ಎಡಗಡೆಯಿಂದ ವಿಂಗು ಒಳಗೆ ಸರಿಯಿತು, ಅದರೊಂದಿಗೆ ಮಾಸ್ತರರು. ದ್ರಾಕ್ಷಾಯಿಣಿ ಬಾಯಿಗೆ ಸೆರಗು ಒತ್ತಿಕೊಂಡಳು.

ಹಾಡು ಬಂತು. ಎರಡನೆಯ ಚರಣ ಬಂತು. ಕಪ್ಪು ಅಂಗಿಯವನು ಬಂದ, ಬಗ್ಗಿದ, ಇಟ್ಟ, ಹೋದ. ಮಾಸ್ತರರು ಕಾಲು ಸರಿಸಿದರು.

“ಬಾಟ್ಲಿ ಇಟ್ಟಾವ ಯಾವ ಅವ?” ದುರಗಮ್ಮ ಕೇಳಿದಳು.

“ನಾನ ರೀ ಅಮ್ಮಾ. ಬಾಟ್ಲಿ ನಂದು. ಅವರು ಮುಟ್ಟಿಲ್ಲ.”

ಸಾವಿರ ಜನರ ಹಿಂದಿನ ಸಾಲಿಗೆ ಮೈಕಿಲ್ಲದೆ ಮುಟ್ಟುವ ಧ್ವನಿ ನನ್ನದು. ಎರಡು ಖೋಲಿಯ ಮನೆಯಲ್ಲಿ ಅದನ್ನು ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಕೇಳಿಸಲಿಲ್ಲ.

ಮುದುಕಿ ನನ್ನನ್ನು ನೋಡಲಿಲ್ಲ. ಮುಂದ ಹಚ್ಚು ಅಂದಳು. ಮೂರನೆಯ ಅಂಕ ಹಚ್ಚಿದೆ, ಧ್ವನಿ ಏರಿಸಿದೆ. ಎದಿ ಹಿಡದಂಗ ಆಗೈತಿ. ನೀರು ಕೊಡ್ರಿ. ರಾಜ, ಶಿಳ್ಳೆ, ಒನ್ಸ್ ಮೋರ್, ಖಾಲಿ ಚಂಬು. ನಲವತ್ತು ಸೆಕೆಂಡು. ನಾಲ್ಕು ಸಾಲು. ಆ ನಾಲ್ಕು ಸಾಲನ್ನು ದುರಗಮ್ಮನ ತುಟಿ ಮಾಸ್ತರರ ಜೊತೆಗೆ ಹೇಳುತ್ತಿತ್ತು. ಮನೆಯಲ್ಲಿ ಅವರು ಓದಿ ಓದಿ ಬಾಯಿಪಾಠ ಮಾಡಿದ್ದು ಕೇಳಿದ್ದಳೋ ಏನೋ. ಸೀಟಿ ಬಾಯಿಗೆ ಹೋಯಿತು.

“ನಿಂದ್ರಸು,” ಅಂದಳು.

ನಿಲ್ಲಿಸಿದೆ. ಬಾಯಲ್ಲಿ ಸೀಟಿ, ಕೈಯಲ್ಲಿ ಪುಸ್ತಕ, ಕಾಲ ಬಳಿ ಬಾಟ್ಲಿ. ನಿಂತ ಚಿತ್ರದಲ್ಲಿ ಬಾಚಣಿಗೆಯ ಹಲ್ಲು ಒಂದೂ ಇರಲಿಲ್ಲ.

“ಅವತ್ತ ಹೇಳಿದ್ದರ ಇಪ್ಪತ್ಮೂರು ಎಡಿ ಹಿಡೀತಿದ್ದೆ,” ಎಂದಳು ನನಗೆ. ಧ್ವನಿ ಏರಿಸಲಿಲ್ಲ.

ಎದ್ದು ಒಳಗೆ ಹೋದಳು. ಹಿರಿಯರ ಎಡಿ ದೇವರ ಜಗುಲಿಯ ಮುಂದೆ ಆಗಲೇ ಸಿದ್ಧವಿತ್ತು. ಬೇರೆ ಒಂದು ಬಾಳೆಲೆ ತಂದು ಟಿವಿಯ ಎಡಗಡೆ ಮೂಲೆಯ ಕೆಳಗೆ ಹಾಸಿದಳು. ಹೋಳಿಗೆ, ಬದನೆಕಾಯಿ, ಅನ್ನ, ಮಗಳ ಕೈಯಿಂದ ತುಪ್ಪ. ಆಮೇಲೆ ತುಂಬಿದ ಚಂಬು ತಂದು ನನ್ನ ಮುಂದೆ ಹಿಡಿದಳು.

“ಬಾಟ್ಲಿ ಇಟ್ಟ ಕೈಲೆ ಇದನ್ನ ಇಡು.”

ಇಟ್ಟೆ.

ಊದಿನಕಡ್ಡಿ ಹಚ್ಚಿ ತಾಯಿ ಮಗಳು ಕೈ ಮುಗಿದು ಕೂತರು. ಚಿತ್ರ ನಿಂತೇ ಇದ್ದರೆ ಆ ಟಿವಿ ಐದು ನಿಮಿಷಕ್ಕೊಮ್ಮೆ ತಾನಾಗಿ ಆರುತ್ತದೆ. ಹಾಗಾಗಿ ಎಡಿ ಮುಗಿಯುವ ತನಕ ನಾನು ಬಾಗಿಲ ಪಕ್ಕ, ಅವರಿಗೆ ಅಡ್ಡವಾಗದ ಹಾಗೆ, ರಿಮೋಟ್ ಹಿಡಿದು, ಚಿತ್ರ ಆರದಂತೆ ಆಗಾಗ ಒತ್ತುತ್ತ ನಿಂತಿದ್ದೆ.